ಯಾರ ಯಿಡ್ಡಿಷ್?



ಈ ವರ್ಷದ ದತ್ತಿ ಉಪನ್ಯಾಸದಲ್ಲಿ ಯಿಡ್ಡಿಷ್ ಕಲಿಕೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಮಿತಿಯ ಹಿರಿಯರೊಬ್ಬರು ಎರಡು ಪ್ರಶ್ನೆ ಕೇಳಿದರು. ಅದು ಹೀಬ್ರೂ ತಾನೇ? ಈಗ ಅದನ್ನು ಯಾರು ಮಾತಾಡುತ್ತಾರೆ? ಮೊದಲನೆಯದಕ್ಕೆ ಉತ್ತರ ಸುಲಭ. ಅಲ್ಲ, ಅದು ಹೀಬ್ರೂ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆಯುವ, ಜರ್ಮನ್ ಬಳಗಕ್ಕೆ ಸೇರಿದ ಬೇರೆಯೇ ಭಾಷೆ. ಎರಡನೆಯ ಪ್ರಶ್ನೆಗೆ ಮಾತ್ರ ನನಗೆ ಕೊಟ್ಟಿರುವ ಹೊತ್ತೆಲ್ಲ ಬೇಕು. ಯಿಡ್ಡಿಷ್ ಕಲಿಯಲು ಕೂತವರ ಮುಂದೆ ಮೊದಲ ಪಾಠದಲ್ಲೇ ಬಂದು ನಿಲ್ಲುವ ಪ್ರಶ್ನೆ ಅದು. ಬೆಳಗಿನ ನಮಸ್ಕಾರಕ್ಕೆ ‘ಗುಟ್ ಮೊರ್ಗ್ನ್’ ಎನ್ನಬೇಕೋ ‘ಗಿಟ್ ಮೊರ್ಗ್ನ್’ ಎನ್ನಬೇಕೋ? ಎರಡೂ ಸರಿ. ಆದರೆ ಒಂದನ್ನು ಹೇಳಿದ ಕ್ಷಣವೇ ನೀವು ಒಂದು ಸೀಮೆಯವರಾಗುತ್ತೀರಿ, ಒಂದು ಗುಂಪಿನವರಾಗುತ್ತೀರಿ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ಇದು ಭಾರತದ ಯಹೂದಿಗಳ ಮಾತಲ್ಲ. ಕೊಚ್ಚಿಯವರು ಮಲಯಾಳ ಆಡಿದರು, ಕೊಂಕಣ ತೀರದ ಬೆನೆ ಇಸ್ರೇಲರು ಮರಾಠಿ ಆಡಿದರು, ಕಲ್ಕತ್ತ ಮುಂಬಯಿಗಳಿಗೆ ವ್ಯಾಪಾರಕ್ಕೆ ಬಂದ ಬಾಗ್ದಾದಿಗಳು ಅರಬ್ಬಿಯನ್ನು ಜತೆಗೆ ತಂದರು. ಯಿಡ್ಡಿಷ್ ಅಶ್ಕೆನಾಜಿ ಯಹೂದಿಗಳದು. ಸುಮಾರು ಸಾವಿರ ವರ್ಷದ ಹಿಂದೆ ರೈನ್ ನದಿಯ ಸೀಮೆಯಲ್ಲಿ ರೂಪುಗೊಂಡು, ಅವರು ಪೂರ್ವಕ್ಕೆ ಗುಳೆ ಹೋದ ಹಾಗೆಲ್ಲ ಪೋಲೆಂಡ್, ಲಿಥುವೇನಿಯ, ಉಕ್ರೇನ್‌ಗಳಿಗೆ ಹಬ್ಬಿತು. ಇಸವಿ ಸಮೇತ ಸಿಕ್ಕಿರುವ ಅತಿ ಹಳೆಯ ಯಿಡ್ಡಿಷ್ ವಾಕ್ಯ 1272ರದು. ವರ್ಮ್ಸ್ ಊರಿನ ಹೀಬ್ರೂ ಪ್ರಾರ್ಥನಾ ಗ್ರಂಥವೊಂದರಲ್ಲಿ, ದೊಡ್ಡ ಅಕ್ಷರಗಳ ಪೊಳ್ಳಿನೊಳಗೆ ಯಾರೋ ಸಣ್ಣದಾಗಿ ಬರೆದಿದ್ದಾರೆ. ಈ ಗ್ರಂಥವನ್ನು ಪ್ರಾರ್ಥನಾ ಮಂದಿರಕ್ಕೆ ಹೊತ್ತು ತರುವವನಿಗೆ ಒಳ್ಳೆಯದಾಗಲಿ ಎಂಬ ಹಾರೈಕೆ ಅದು. ಗ್ರಂಥ ಭಾರೀ ತೂಕದ್ದು, ಹಾರೈಕೆ ನ್ಯಾಯವಾದದ್ದೇ. ದೇವರ ಜತೆ ಮಾತಾಡಲು ಹೀಬ್ರೂ, ಹೊರುವವನ ಜತೆ ಮಾತಾಡಲು ಯಿಡ್ಡಿಷ್. ಈ ವಿಂಗಡಣೆ ಮುಂದೆ ಆರು ಶತಮಾನ ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು. ಹಳೆಯ ಯಿಡ್ಡಿಷ್ ಪುಸ್ತಕಗಳ ಮುಖಪುಟಗಳಲ್ಲಿ, ಇದು ಹೆಂಗಸರಿಗೆ ಮತ್ತು ಓದು ತಿಳಿಯದೆ ಹೆಂಗಸರಂತಿರುವ ಗಂಡಸರಿಗೆ ಎಂಬ ಅರ್ಥದ ಮಾತು ಬರುವುದುಂಟು. ಗಂಡಸರು ಆ ನೆಪದಲ್ಲಿ ಧಾರಾಳವಾಗಿ ಓದಿಕೊಂಡರು ಎಂದೇ ನನ್ನ ಗುಮಾನಿ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ಭಾಷೆ ಆಡುವವರು ಒಂದು ಕೋಟಿಗೂ ಹೆಚ್ಚು ಮಂದಿ ಇದ್ದರು. ನಾಜಿಗಳು ಕೊಂದ ಅರವತ್ತು ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನರ ಮನೆಮಾತು ಇದೇ ಆಗಿತ್ತು. ಇದನ್ನು ಇಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದೇನೆ. ಹಗುರ ಸಂಗತಿ ಎಂದಲ್ಲ, ಮುಂದೆ ಹೇಳುವುದೆಲ್ಲದರ ತಳದಲ್ಲೂ ಅದು ಇದ್ದೇ ಇರುತ್ತದೆ ಎಂದು.

ಈಗ ಪುಸ್ತಕ ತೆರೆಯೋಣ. ಕನ್ನಡಿಗರಿಗೆ ಮೊದಲ ವಾರ ಸುಖವಾಗಿಯೇ ಕಳೆಯುತ್ತದೆ. ಹೀಬ್ರೂ ಬರವಣಿಗೆಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಯಿಡ್ಡಿಷ್ ಅದೇ ಅಕ್ಷರಗಳನ್ನು ತೆಗೆದುಕೊಂಡು, ಹೀಬ್ರೂಗೆ ಬೇಕಾಗಿದ್ದು ತನಗೆ ಬೇಡವಾದ ಕೆಲವನ್ನು ಸ್ವರಗಳಾಗಿ ದುಡಿಸಿಕೊಂಡಿದೆ. ಆಲೆಫ್‌ನ ಕೆಳಗೆ ಒಂದು ಗೀಟು ಎಳೆದರೆ ‘ಅ’, ಇನ್ನೊಂದು ಗುರುತು ಹಾಕಿದರೆ ‘ಒ’. ಹೀಬ್ರೂವಿನಲ್ಲಿ ಗಂಟಲಾಳದ ವ್ಯಂಜನವಾಗಿದ್ದ ಆಯಿನ್ ಇಲ್ಲಿ ಬರೀ ‘ಎ’. ಹಾಗಾಗಿ ಬರೆದಂತೆ ಓದಬಹುದು, ಓದಿದಂತೆ ಬರೆಯಬಹುದು. ನಮಗೆ ರೂಢಿಯಾದ ಸುಖ.

ಎರಡನೆಯ ವಾರ ಹೊಂಚು ಹಾಕಿ ಕೂತಿರುತ್ತದೆ. ಹೀಬ್ರೂ, ಅರಮಾಯಿಕ್ ಮೂಲದ ಪದಗಳು ಬಂದಲ್ಲೆಲ್ಲ ಹಳೆಯ ಕಾಗುಣಿತ ಅಲ್ಲಾಡುವುದಿಲ್ಲ. ಸ್ವರ ಇಲ್ಲ, ಸುಳಿವೂ ಇಲ್ಲ. ‘ಶಾಬೆಸ್’ ಎಂಬುದು, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಪುಟದ ಮೇಲೆ ಬರೀ ಮೂರು ವ್ಯಂಜನ. ಸತ್ಯ ಎಂಬರ್ಥದ ‘ಎಮೆಸ್’ ಕೂಡ ಹಾಗೆಯೇ. ಇವನ್ನು ಓದುವುದಕ್ಕಿಲ್ಲ, ಮುಖ ನೋಡಿ ಗುರುತಿಸಬೇಕು, ಅಷ್ಟೆ. ಚಿಕ್ಕಂದಿನಲ್ಲಿ ಪ್ರಾರ್ಥನೆ ಕಲಿತ ಯಹೂದಿ ಮಗುವಿಗೆ ಇದು ಕಷ್ಟವಲ್ಲ, ಆ ಮುಖಗಳೆಲ್ಲ ಪರಿಚಿತ. ಹೊರಗಿನಿಂದ ಬಂದವರಿಗೆ ಪದಕೋಶವೇ ಗತಿ. ಲಿಪಿಯ ಪಾಠ ಎಂದುಕೊಂಡದ್ದು ಧರ್ಮದ ಪಾಠವೂ ಹೌದು ಎಂದು ತಿಳಿಯುವುದು ಇಲ್ಲಿ.

ಸೋವಿಯತ್ ಒಕ್ಕೂಟ ಇದನ್ನು ಒಂದೇ ಏಟಿಗೆ ಬಗೆಹರಿಸಿತು. 1920ರ ದಶಕದಲ್ಲಿ ಅಲ್ಲಿನ ಯಿಡ್ಡಿಷ್ ಶಾಲೆಗಳಲ್ಲಿ, ಪತ್ರಿಕೆಗಳಲ್ಲಿ ಹೀಬ್ರೂ ಪದಗಳನ್ನೂ ಉಚ್ಚಾರವಿದ್ದಂತೆಯೇ ಬರೆಯತೊಡಗಿದರು. ಮುಂದೆ ಪದದ ಕೊನೆಯಲ್ಲಿ ಮಾತ್ರ ಬರುವ ವಿಶೇಷ ಅಕ್ಷರಗಳನ್ನೂ ಕೈಬಿಟ್ಟರು. ಮಾಸ್ಕೋದ ಯಿಡ್ಡಿಷ್ ಪತ್ರಿಕೆಯ ಹೆಸರು ‘ದೆರ್ ಎಮೆಸ್’. ಆ ಸತ್ಯವೂ ಹೊಸ ಕಾಗುಣಿತದಲ್ಲೇ ಅಚ್ಚಾಯಿತು, 1938ರಲ್ಲಿ ಪತ್ರಿಕೆ ಮುಚ್ಚುವವರೆಗೆ. ನಮ್ಮಲ್ಲಿ ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನೂ ಕೆಲವು ಸಂಸ್ಕೃತ ಅಕ್ಷರಗಳನ್ನೂ ಬಿಟ್ಟು ಬರೆಯುವ ಹೊಸ ಬರಹವನ್ನು ಮುಂದಿಟ್ಟಾಗ ನಡೆದ ಚರ್ಚೆ ಇಲ್ಲಿರುವ ಬಹುಮಂದಿಗೆ ನೆನಪಿರಬಹುದು. ಎರಡು ಕಡೆಯೂ ವಾದ ಒಂದೇ: ಜನ ಆಡುವ ಹಾಗೆ ಬರೆಯಲಿ, ಶಾಸ್ತ್ರದ ಭಾಷೆಯ ಭಾರ ಓದು ಕಲಿಯುವವರ ಮೇಲೆ ಬೀಳದಿರಲಿ. ಹಿಂದಿನ ಬಲ ಮಾತ್ರ ಬೇರೆ. ಭಟ್ಟರ ಹಿಂದಿದ್ದದ್ದು ವಿದ್ವತ್ತು. ಅಲ್ಲಿ ಇದ್ದದ್ದು ಹೀಬ್ರೂ ಕಲಿಕೆಯನ್ನೇ ಹತ್ತಿಕ್ಕುತ್ತಿದ್ದ ಸರ್ಕಾರ. ಹೊಸದಾಗಿ ಕಲಿಯುವ ನನ್ನಂಥವರ ಅನುಕೂಲವನ್ನಷ್ಟೇ ನೋಡಿದರೆ ಸೋವಿಯತ್ ಕಾಗುಣಿತವೇ ಚೆನ್ನು. ಅದನ್ನೇ ನೆಚ್ಚಿಕೊಂಡವರು ವಾರ್ಸಾದಲ್ಲೋ ನ್ಯೂಯಾರ್ಕಿನಲ್ಲೋ ಅಚ್ಚಾದ ಪುಸ್ತಕ ತೆರೆದಾಗ ಮಾತ್ರ ಕಣ್ಣು ಕಟ್ಟಿದಂತಾಗುತ್ತದೆ.

ಮನೆಮಾತು ಒಂದು ಬಳಗದ್ದು, ಲಿಪಿ ಧರ್ಮದ ಕಡೆಯಿಂದ ಬಂದದ್ದು ಎಂಬ ಸ್ಥಿತಿಯನ್ನು ನಾವು ಭಟ್ಕಳದಲ್ಲೇ ನೋಡಬಹುದು. ಕೊಂಕಣಿಗೆ ಹತ್ತಿರದ ನವಾಯತಿಯನ್ನು ಅರಬ್ಬಿ–ಫಾರಸಿ ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಊರಿನವರಿಗೆ ಯಿಡ್ಡಿಷಿನ ಲಿಪಿಯನ್ನು ವಿವರಿಸುವ ಕಷ್ಟವಿಲ್ಲ.

ಇನ್ನು ಪದಗಳು. ಅಜ್ಜಿ ‘ಬೊಬೆ’, ಇದು ಸ್ಲಾವಿಕ್. ತಿನ್ನುತ್ತಾಳೆ ‘ಎಸ್ಟ್’, ಇದು ಜರ್ಮನ್. ಶುಕ್ರವಾರ ಸಂಜೆ ಒಲೆಯ ಮೇಲಿಟ್ಟು ಶನಿವಾರ ಮಧ್ಯಾಹ್ನದವರೆಗೆ ಬೇಯುವ ಕಾಳು–ಮಾಂಸದ ಅಡುಗೆ ‘ಚೊಲ್ನ್ಟ್’, ಇದು ಹಳೆಯ ಫ್ರೆಂಚಿನಿಂದ. ಶನಿವಾರ ‘ಶಾಬೆಸ್’, ಹೀಬ್ರೂ. ಅಜ್ಜಿ ಶನಿವಾರ ಚೊಲ್ನ್ಟ್ ತಿನ್ನುತ್ತಾಳೆ ಎನ್ನಲು ನಾಲ್ಕು ಸೀಮೆ ದಾಟಬೇಕು. ತರಗತಿಗಳಲ್ಲಿ ಇಂಥ ವಾಕ್ಯಗಳನ್ನು ಚಮತ್ಕಾರದಂತೆ ತೋರಿಸುವುದುಂಟು. ನನಗೆ ಈ ಪದಮೂಲಗಳ ಪ್ರದರ್ಶನ ಅಷ್ಟೇನೂ ಮುಖ್ಯವೆನಿಸಿಲ್ಲ, ಯಾವ ಭಾಷೆ ತಾನೇ ಎರವಲು ತಂದಿಲ್ಲ? ಮುಖ್ಯವಾದದ್ದು ಆ ಪದಗಳ ನಡುವೆ ಯಿಡ್ಡಿಷ್ ಮಾಡಿಕೊಂಡಿರುವ ಕೆಲಸದ ಹಂಚಿಕೆ. ಪುಸ್ತಕಕ್ಕೆ ಎರಡು ಪದಗಳಿವೆ. ಜರ್ಮನ್ ಮೂಲದ ‘ಬುಖ್’ ಕಾದಂಬರಿಯಾಗಬಹುದು, ಗಣಿತವಾಗಬಹುದು. ಹೀಬ್ರೂ ಮೂಲದ ‘ಸೇಯ್ಫರ್’ ಧರ್ಮಗ್ರಂಥ ಮಾತ್ರ. ಅದು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುತ್ತಾರೆ.

ಇದಕ್ಕಿಂತ ದೊಡ್ಡ ಪಾಠ ವಾಕ್ಯಗಳ ನಡುವೆ ತೂರಿಬರುವ ಸಣ್ಣ ಮಾತುಗಳಲ್ಲಿದೆ. ಮಕ್ಕಳು ಎಷ್ಟು ಎಂದರೆ ಸಂಖ್ಯೆ ಹೇಳುವ ಮುನ್ನ ‘ಕೇನ್ ಆಯ್ನ್ ಹೋರೆ’, ಕೆಟ್ಟ ಕಣ್ಣು ಬೀಳದಿರಲಿ. ತೀರಿಕೊಂಡ ತಂದೆಯ ಹೆಸರೆತ್ತಿದರೆ ‘ಓಲೆವ್ ಹಶೋಲೆಮ್’, ಅವನಿಗೆ ಶಾಂತಿಯಿರಲಿ. ಬದುಕಿರುವವರ ವಯಸ್ಸು ಹೇಳಿದರೆ ‘ನೂರಿಪ್ಪತ್ತರವರೆಗೆ’ ಎಂದು ಸೇರಿಸಬೇಕು, ಮೋಶೆ ಬಾಳಿದ್ದು ಅಷ್ಟು ವರ್ಷ. ಕಾಯಿಲೆಯ ಸುದ್ದಿ ಹೇಳುವಾಗ ಕೇಳುವವರಿಗೆ ಅದು ಬಾರದಿರಲಿ ಎಂದು ಬೇಲಿ ಹಾಕಬೇಕು. ‘ಬಿಡ್ತು ಅನ್ನು’ ಎಂದು ಗದರಿಸುವ ಅಜ್ಜಿಯರ ಮನೆಯಲ್ಲಿ ಬೆಳೆದವರಿಗೆ ಇದನ್ನು ವ್ಯಾಕರಣವಾಗಿ ಕಲಿಸಬೇಕಿಲ್ಲ. ನಾನು ಯಿಡ್ಡಿಷ್ ಕಲಿತ ತರಗತಿಯಲ್ಲಿ ಅಮೆರಿಕದ ಸಹಪಾಠಿಗಳು ಇವನ್ನು ಅಲಂಕಾರವೆಂದು ಬಾಯಿಪಾಠ ಮಾಡುತ್ತಿದ್ದಾಗ ನನಗೆ ಅವು ಎಲ್ಲಿ ಬರಬೇಕೆಂದು ಮೊದಲೇ ಗೊತ್ತಿತ್ತು, ಪದ ಮಾತ್ರ ಗೊತ್ತಿರಲಿಲ್ಲ. ಹಿರಿಯರಿಗೆ ‘ಇರ್’, ಸಲಿಗೆಯವರಿಗೆ ‘ದು’ ಎಂಬ ನೀವು–ನೀನುಗಳೂ ಹಾಗೆಯೇ. ಈ ಹಾರೈಕೆ, ಶಾಪ, ಭಯಗಳ ನುಡಿಗಟ್ಟುಗಳ ಬಗ್ಗೆ ಇಡೀ ಪುಸ್ತಕವನ್ನೇ ಬರೆದವರು ಜೇಮ್ಸ್ ಮಾಟಿಸಾಫ್, 1979ರಲ್ಲಿ. ಅವರ ಮುಖ್ಯ ಕೆಲಸ ಟಿಬೆಟ್–ಬರ್ಮಾ ಭಾಷೆಗಳ ಮೇಲೆ. ಇದನ್ನು ಕೇಳಿಸಿಕೊಳ್ಳಲು ಏಷ್ಯಾದ ಭಾಷೆಗಳಲ್ಲಿ ಪಳಗಿದ ಕಿವಿ ಬೇಕಾಯಿತೇನೋ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಒಂದು ಪಠ್ಯಪುಸ್ತಕದ ಮುಂದೆ. ಅದರ ಹೆಸರು ‘ಕಾಲೇಜ್ ಯಿಡ್ಡಿಷ್’, ಪ್ರಕಟವಾದದ್ದು 1949ರಲ್ಲಿ, ನ್ಯೂಯಾರ್ಕಿನ ಯಿವೊ ಸಂಸ್ಥೆಯಿಂದ. ಯಿವೊ ಹುಟ್ಟಿದ್ದು 1925ರಲ್ಲಿ ವಿಲ್ನಾದಲ್ಲಿ, ಇಂದಿನ ವಿಲ್ನಿಯಸ್. ಯಿಡ್ಡಿಷಿಗೆ ವಿದ್ವತ್ ಪರಿಷತ್ತಿನಂತಿದ್ದ ಅದು ಕಾಗುಣಿತದ ನಿಯಮಗಳನ್ನು ರೂಪಿಸಿ ಮುಗಿಸಿದ ಕೆಲವೇ ವರ್ಷಗಳಲ್ಲಿ ಯುದ್ಧ ಬಂತು. ಅದರ ನಾಯಕರಲ್ಲೊಬ್ಬರಾದ ಮಾಕ್ಸ್ ವೈನ್‌ರೈಖ್, ಭಾಷಾವಿಜ್ಞಾನಿಗಳ ಸಮ್ಮೇಳನಕ್ಕೆಂದು ಹೊರಟವರು, 1939ರಲ್ಲಿ ಯುದ್ಧ ಶುರುವಾದಾಗ ಹದಿಹರೆಯದ ಮಗನೊಂದಿಗೆ ಡೆನ್ಮಾರ್ಕಿನಲ್ಲಿದ್ದರು. ವಿಲ್ನಾಕ್ಕೆ ವಾಪಸಾಗದೆ 1940ರಲ್ಲಿ ನ್ಯೂಯಾರ್ಕ್ ಸೇರಿದರು. ಆ ಮಗ ಉರಿಯೆಲ್. ‘ಕಾಲೇಜ್ ಯಿಡ್ಡಿಷ್’ ಬರೆದಾಗ ಅವನ ವಯಸ್ಸು 23. ಮುನ್ನುಡಿ ಬರೆದವರು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್.

ಸಾಮಾನ್ಯವಾಗಿ ಭಾಷಾ ಪಠ್ಯಪುಸ್ತಕ ಮೊದಲ ಪಾಠಗಳಲ್ಲಿ ನಮ್ಮನ್ನು ಒಂದು ಊರಿಗೆ ಕರೆದೊಯ್ಯುತ್ತದೆ. ರೈಲು ನಿಲ್ದಾಣ, ಮಾರುಕಟ್ಟೆ, ಹೋಟೆಲು. ಫ್ರೆಂಚ್ ಕಲಿಯುವವರು ಪ್ಯಾರಿಸ್ಸಿಗೆ ಹೋಗಲೇಬೇಕಿಲ್ಲ, ಆದರೆ ಪ್ಯಾರಿಸ್ ಇದೆ. 1949ರಲ್ಲಿ ಯಿಡ್ಡಿಷ್ ಕಲಿಯುವವರನ್ನು ಯಾವ ಊರಿಗೆ ಕರೆದೊಯ್ಯುವುದು? ಅದಕ್ಕೇ ಈ ಪುಸ್ತಕ ವ್ಯಾಕರಣದ ಜತೆಗೆ ಹಬ್ಬ, ಇತಿಹಾಸ, ಸಾಹಿತ್ಯ, ಚಳವಳಿಗಳನ್ನೆಲ್ಲ ಪಾಠಗಳೊಳಗೆ ತುಂಬಿಕೊಂಡಿತು. ದೇಶವೇ ಇಲ್ಲದ ಭಾಷೆಯ ಪುಸ್ತಕ ದೇಶದ ಕೆಲಸವನ್ನೂ ಮಾಡಬೇಕಾಯಿತು. ಮುಂದಿನ ಪುಸ್ತಕಗಳೂ ಅದೇ ದಾರಿಯಲ್ಲಿ ನಡೆದವು. ಶೇವಾ ಝುಕರ್ ಅವರ 1994ರ ಪಠ್ಯ ತನ್ನ ಹೆಸರಿನಲ್ಲೇ ಭಾಷೆ, ಸಾಹಿತ್ಯ, ಸಂಸ್ಕೃತಿ ಮೂರನ್ನೂ ಹೇಳಿಕೊಂಡಿದೆ. 2020ರಲ್ಲಿ ಯಿಡ್ಡಿಷ್ ಪುಸ್ತಕ ಕೇಂದ್ರ ಹೊರತಂದ ‘ಇನ್ ಏಯ್ನೆಮ್’ ಬಣ್ಣಬಣ್ಣದ ಚಿತ್ರಗಳ, ಮಾತುಕತೆಯ ಪುಸ್ತಕ. ಕಲಿಸುವ ಕ್ರಮ ಬದಲಾಗಿದೆ, ಹೊರೆ ಅದೇ.

ಉರಿಯೆಲ್ ವೈನ್‌ರೈಖ್ ಬಗ್ಗೆ ನಮಗೆ ಸಂಬಂಧಪಟ್ಟ ಒಂದು ಸಂಗತಿಯಿದೆ. ಭಾಷೆಗಳು ಒಂದರ ಪಕ್ಕ ಒಂದು ಬಾಳಿದಾಗ ಏನಾಗುತ್ತದೆ ಎಂಬ ಬಗ್ಗೆ ಅವರು 1953ರಲ್ಲಿ ಬರೆದ ಪುಸ್ತಕ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅದಾದ ಮೇಲೆ, 1957ರಲ್ಲಿ, ಭಾರತದ ದ್ವಿಭಾಷಿಕತೆಯ ಬಗ್ಗೆಯೇ ದೊಡ್ಡ ಲೇಖನವೊಂದನ್ನು ಬರೆದರು, 1951ರ ನಮ್ಮ ಜನಗಣತಿಯ ಅಂಕಿಗಳನ್ನು ಇಟ್ಟುಕೊಂಡು. ವಿಲ್ನಾದಲ್ಲಿ ಯಿಡ್ಡಿಷ್, ಪೋಲಿಷ್, ರಷ್ಯನ್, ಲಿಥುವೇನಿಯನ್‌ಗಳ ನಡುವೆ ಬೆಳೆದ ಹುಡುಗನಿಗೆ, ಮನೆಯಲ್ಲೊಂದು ಅಂಗಡಿಯಲ್ಲೊಂದು ಮಾತಾಡುವ ದೇಶ ವಿಚಿತ್ರವಾಗಿ ಕಂಡಿರಲಾರದು.

1959ರಲ್ಲಿ ಅವರು ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಅಶ್ಕೆನಾಜಿ ಯಹೂದಿಗಳ ಭಾಷೆ ಮತ್ತು ಸಂಸ್ಕೃತಿಯ ನಕಾಶೆ ಸಂಪುಟದ ಕೆಲಸ ಶುರುಮಾಡಿದರು. ಉಪಭಾಷೆಗಳ ನಕಾಶೆ ಮಾಡುವವರು ಹಳ್ಳಿ ಹಳ್ಳಿ ತಿರುಗಿ ಮುದುಕರನ್ನು ಮಾತಾಡಿಸುವುದು ರೂಢಿ. ಇಲ್ಲಿ ಹಳ್ಳಿಗಳಿದ್ದವು, ಮಾತಾಡುವವರು ಇರಲಿಲ್ಲ. ಆದ್ದರಿಂದ ಸುಮಾರು 600 ಊರುಗಳಿಂದ ವಲಸೆ ಬಂದವರನ್ನು ಅಮೆರಿಕ, ಇಸ್ರೇಲ್ ಮುಂತಾದ ಕಡೆಗಳಲ್ಲಿ ಹುಡುಕಿ, ನಿಮ್ಮ ಊರಲ್ಲಿ ಇದಕ್ಕೆ ಏನನ್ನುತ್ತಿದ್ದರು, ಹಬ್ಬಕ್ಕೆ ಏನು ಮಾಡುತ್ತಿದ್ದರು, ಮಕ್ಕಳು ಏನಾಡುತ್ತಿದ್ದರು ಎಂದು ಕೇಳಿ ಧ್ವನಿಮುದ್ರಿಸಿದರು. ಹತ್ತಿರ ಹತ್ತಿರ 6,000 ಗಂಟೆಗಳ ಟೇಪು. ಉರಿಯೆಲ್ 1967ರಲ್ಲಿ, ನಲವತ್ತೊಂದು ತುಂಬುವ ಮುನ್ನವೇ ತೀರಿಕೊಂಡರು. ಮಾರ್ವಿನ್ ಹರ್ಟ್ಸೋಗ್ ಕೆಲಸ ಮುಂದುವರಿಸಿದರು.

ಹರ್ಟ್ಸೋಗ್ ಗುರುತಿಸಿದ ಒಂದು ಗೆರೆ ನನಗೆ ಬಹಳ ಪ್ರಿಯ. ಶುಕ್ರವಾರದ ಊಟಕ್ಕೆ ಮಾಡುವ ಗೆಫಿಲ್ಟೆ ಮೀನಿಗೆ ಪೋಲೆಂಡಿನ ಯಹೂದಿಗಳು ಸಕ್ಕರೆ ಹಾಕುತ್ತಿದ್ದರು, ಲಿಥುವೇನಿಯದ ಕಡೆಯವರು ಮೆಣಸು ಹಾಕುತ್ತಿದ್ದರು. ಸಿಹಿ ಮೀನಿಗೂ ಖಾರದ ಮೀನಿಗೂ ನಡುವಿನ ಗಡಿ ವಾರ್ಸಾದ ಪೂರ್ವಕ್ಕೆ ಹಾದುಹೋಗುತ್ತದೆ. ‘ಗಿಟ್’ ಎನ್ನುವವರಿಗೂ ‘ಗುಟ್’ ಎನ್ನುವವರಿಗೂ ನಡುವಿನ ಗಡಿ ಹೆಚ್ಚು ಕಡಿಮೆ ಅದೇ ಗೆರೆಯ ಮೇಲಿದೆ. ಆ ಗೆರೆಯ ಆಚೀಚೆಯವರು ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು ಶತಮಾನಗಟ್ಟಲೆ ಬಾಳಿದರು. ಗಂಡು ಒಂದು ಕಡೆಯವನು, ಹೆಣ್ಣು ಇನ್ನೊಂದು ಕಡೆಯವಳಾದರೆ ಅದು ಮಿಶ್ರ ವಿವಾಹವೆಂದೇ ತಮಾಷೆ.

ತರಗತಿಯ ಶಿಷ್ಟ ಯಿಡ್ಡಿಷಿಗೆ ‘ಕ್ಲಾಲ್’ ಎನ್ನುತ್ತಾರೆ. ಉಚ್ಚಾರ ಬಹುಮಟ್ಟಿಗೆ ಖಾರದ ಮೀನಿನವರದು, ಅಂದರೆ ಲಿಥುವೇನಿಯದ್ದು, ವಿಲ್ನಾದ ವಿದ್ವಾಂಸರ ಒಲವಿಗೆ ತಕ್ಕಂತೆ. ಆದರೆ ಲಿಥುವೇನಿಯದ ಮಾತಿನಲ್ಲಿ ಇಲ್ಲದ ನಪುಂಸಕ ಲಿಂಗವನ್ನು ಇಟ್ಟುಕೊಂಡಿದೆ. ಹೀಗಾಗಿ ನಾವು ಕಲಿಯುವುದನ್ನು ಯಥಾವತ್ತಾಗಿ ಯಾವ ಊರಿನವರೂ ಆಡಿರಲಿಲ್ಲ. ಮೇಜು ಗಂಡು, ಗೋಡೆ ಹೆಣ್ಣು, ಪುಸ್ತಕ ಎರಡೂ ಅಲ್ಲ. ಅರ್ಥ ನೋಡಿ ಲಿಂಗ ಹೇಳುವ ಕನ್ನಡಿಗರಿಗೆ ಹಿಂದಿಯಲ್ಲಿ ಪಟ್ಟ ಪಾಡೇ ಇಲ್ಲಿಯೂ.

ಈಗ ಸಮಿತಿಯ ಹಿರಿಯರ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇಂದು ಯಿಡ್ಡಿಷನ್ನು ದಿನದಿನದ ಬದುಕಿನಲ್ಲಿ ಆಡುವವರು, ಮಕ್ಕಳಿಗೆ ಕಲಿಸುವವರು ಮುಖ್ಯವಾಗಿ ಯಹೂದಿಗಳಲ್ಲಿ ಕಟ್ಟಾ ಧಾರ್ಮಿಕರಾದ ಹಸೀದಿ ಸಂಪ್ರದಾಯದವರು. ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್, ಬರೋ ಪಾರ್ಕ್, ನ್ಯೂಯಾರ್ಕ್ ರಾಜ್ಯದ ಕಿರ್ಯಾಸ್ ಜೋಯೆಲ್, ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್, ಆಂಟ್ವರ್ಪ್, ಜೆರುಸಲೇಮಿನ ಮೇಯಾ ಶಿಯಾರಿಮ್. ಅಂಗಡಿಯ ಫಲಕ, ವಾರಪತ್ರಿಕೆ, ಮಕ್ಕಳ ಚಿತ್ರಕಥೆ ಎಲ್ಲ ಯಿಡ್ಡಿಷಿನಲ್ಲೇ. ಹುಡುಗರ ಶಾಲೆಗಳಲ್ಲಿ ಪಾಠವೇ ಆ ಭಾಷೆಯಲ್ಲಿ. ಇವರಲ್ಲಿ ಬಹಳ ಮಂದಿಯ ಹಿರಿಯರು ಹಂಗೆರಿ, ರೊಮೇನಿಯ, ಪೋಲೆಂಡಿನ ಕಡೆಯವರಾದ್ದರಿಂದ ಉಚ್ಚಾರ ‘ಗಿಟ್’. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇವರ ಮಾತನ್ನು ಪರೀಕ್ಷಿಸಿ ನೋಡಿದಾಗ, ನಾವು ಬೆವರಿಳಿಸಿ ಕಲಿಯುವ ನಾಮಪದದ ಲಿಂಗವೂ ವಿಭಕ್ತಿಯೂ ಅವರಲ್ಲಿ ಬಹುಮಟ್ಟಿಗೆ ಉದುರಿಹೋಗಿರುವುದು ಕಂಡುಬಂತು.

ಹೀಗೆ ವಿಚಿತ್ರ ಸ್ಥಿತಿ. ತರಗತಿಯ ವಿದ್ಯಾರ್ಥಿಗಳು ಷೋಲೆಮ್ ಅಲೈಖೆಮ್, ಪೆರೆಟ್ಸ್, ಸಿಂಗರ್ ಅವರನ್ನು ಓದಲು ಕಲಿಯುತ್ತಾರೆ. ಮಾತಾಡುವವರು ಈ ಲೇಖಕರನ್ನು ಸಾಮಾನ್ಯವಾಗಿ ಓದುವುದಿಲ್ಲ, ಅದು ಲೌಕಿಕರ ಸಾಹಿತ್ಯ. 2021ರಲ್ಲಿ ಭಾಷೆ ಕಲಿಸುವ ಡುವೊಲಿಂಗೊ ಆ್ಯಪ್ ಯಿಡ್ಡಿಷ್ ಪಾಠಗಳನ್ನು ತಂದಾಗ ಈ ಬಿರುಕು ಎಲ್ಲರಿಗೂ ಕಂಡಿತು. ಕಾಗುಣಿತ ಯಿವೊದ್ದು, ಉಚ್ಚಾರ ಹಸೀದಿಗಳದು. ಎರಡೂ ಕಡೆಯವರು ಮುಖ ಗಂಟಿಕ್ಕಿದರು. ನನ್ನ ಮಟ್ಟಿಗೆ ಅದು ಪ್ರಾಮಾಣಿಕ ಪ್ರಯತ್ನವೇ. ಬೀದಿಯಲ್ಲಿ ಕೇಳುವ ದನಿಯೂ ಗ್ರಂಥಾಲಯದಲ್ಲಿ ಕಾಣುವ ಬರಹವೂ ಬೇರೆಬೇರೆ ಎಂಬುದನ್ನು ಅದು ಮುಚ್ಚಿಡಲಿಲ್ಲ.

ಹೊಸ ಪದಗಳ ವಿಷಯದಲ್ಲೂ ಹೀಗೆಯೇ. 2016ರಲ್ಲಿ ಬಂದ ದೊಡ್ಡ ಇಂಗ್ಲಿಷ್–ಯಿಡ್ಡಿಷ್ ನಿಘಂಟು ಮೊರ್ದ್ಖೆ ಶೆಖ್ಟರ್ ಅವರ ಜೀವಮಾನದ ಪದಸಂಗ್ರಹವನ್ನು ಆಧರಿಸಿದ್ದು. ಸಂಪಾದಕರಲ್ಲಿ ಒಬ್ಬರು ಅವರ ಮಗಳು, ಕವಿ ಗಿಟ್ಲ್ ಶೆಖ್ಟರ್–ವಿಶ್ವನಾಥ್. ನಮ್ಮವರು ಮುಖಪುಟದಲ್ಲಿ ಆ ಕೊನೆಯ ಹೆಸರನ್ನು ಎರಡು ಸಲ ಓದುತ್ತಾರೆ. ಇಮೇಲಿಗೆ ಅದರಲ್ಲಿರುವ ಪದ ‘ಬ್ಲಿಟ್ಸ್‌ಪೋಸ್ಟ್’. ‘ಬ್ಲಿಟ್ಸ್’ ಎಂದರೆ ಮಿಂಚು, ‘ಪೋಸ್ಟ್’ ಎಂದರೆ ಅಂಚೆ. ನಮ್ಮ ಮಿಂಚಂಚೆಯೇ! ವಿಲಿಯಮ್ಸ್‌ಬರ್ಗಿನ ವ್ಯಾಪಾರಿಯೂ ಬೆಂಗಳೂರಿನ ಗುಮಾಸ್ತರೂ ‘ಇಮೇಲ್’ ಎಂದೇ ಅನ್ನುತ್ತಾರೆ.

ಹೀಗೆ ಸಂಸ್ಕೃತಿಯ ಮೂಲಕ ಭಾಷೆ ಕಲಿಯುವುದರ ಬಗ್ಗೆ ಒಂದು ಎಚ್ಚರ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಯಿಡ್ಡಿಷ್ ಎಂದರೆ ಎಷ್ಟೋ ಮಂದಿಗೆ ಹತ್ತಾರು ಬೈಗುಳ, ಹತ್ತಾರು ಜೋಕು, ಅಜ್ಜಿಯ ಸಾರು. ಲಿಯೋ ರೋಸ್ಟನ್ ಅವರ 1968ರ ಜನಪ್ರಿಯ ಪುಸ್ತಕ ಅದನ್ನು ಇನ್ನಷ್ಟು ಬೆಳೆಸಿತು. ಪುಸ್ತಕ ಸೊಗಸಾಗಿದೆ, ನಾನೂ ನಕ್ಕಿದ್ದೇನೆ. ಆದರೆ ಅದನ್ನು ಓದಿ ಯಿಡ್ಡಿಷಿನಲ್ಲಿ ಒಂದು ವಾಕ್ಯ ಕಟ್ಟಲಾಗುವುದಿಲ್ಲ. ಬೈಗುಳಕ್ಕೆ ನಗಬೇಕಾದರೆ ಮೊದಲು ಹಾರೈಕೆ ಗೊತ್ತಿರಬೇಕು. ಹಾಸ್ಯದ ಭಾಷೆ ಎಂಬ ಬಿರುದು ಕೊಟ್ಟ ಮೇಲೆ ಅದರಲ್ಲಿ ತರ್ಕವೂ ರಾಜಕೀಯವೂ ಭೌತಶಾಸ್ತ್ರವೂ ನಡೆದಿತ್ತು ಎಂಬುದು ಮರೆತೇ ಹೋಗುತ್ತದೆ. 1908ರಲ್ಲಿ ಚೆರ್ನೋವಿಟ್ಸ್‌ನಲ್ಲಿ ಸೇರಿದ ಸಮ್ಮೇಳನ ಯಿಡ್ಡಿಷನ್ನು ಯಹೂದಿಗಳ ‘ಒಂದು’ ರಾಷ್ಟ್ರೀಯ ಭಾಷೆ ಎನ್ನಬೇಕೋ, ಅದೊಂದೇ ರಾಷ್ಟ್ರೀಯ ಭಾಷೆ ಎನ್ನಬೇಕೋ ಎಂದು ಜಗಳವಾಡಿತು. ‘ಒಂದು’ ಗೆದ್ದಿತು. ಜೋಕುಗಳಿಗಾಗಿ ಯಾರೂ ಹಾಗೆ ಜಗಳವಾಡುವುದಿಲ್ಲ.

ಶುರುಮಾಡಬೇಕೆಂಬ ಆಸೆ ಇರುವವರು ಇಲ್ಲಿ ಒಬ್ಬಿಬ್ಬರಾದರೂ ಇರಬಹುದು. ಬರಹಕ್ಕೆ ಯಿವೊದ ಕಾಗುಣಿತವನ್ನೇ ಹಿಡಿಯಿರಿ, ಇಂದಿನ ಮುಖ್ಯ ನಿಘಂಟುಗಳು ಅದರಲ್ಲಿವೆ. ಕಿವಿಗೆ ಮಾತ್ರ ಮೊದಲ ದಿನದಿಂದಲೇ ಎರಡೂ ಉಚ್ಚಾರ ಬೀಳಲಿ. ಪುಸ್ತಕಕ್ಕೆ ಬರವಿಲ್ಲ. 1980ರಲ್ಲಿ ಆರನ್ ಲ್ಯಾನ್ಸ್ಕಿ ಎಂಬ ವಿದ್ಯಾರ್ಥಿ, ಅಜ್ಜ ಸತ್ತ ಮೇಲೆ ಮೊಮ್ಮಕ್ಕಳು ಕಸಕ್ಕೆ ಹಾಕುತ್ತಿದ್ದ ಯಿಡ್ಡಿಷ್ ಪುಸ್ತಕಗಳನ್ನು ಕೂಡಿಡಲು ಹೊರಟ. ಜಗತ್ತಿನಲ್ಲಿ ಉಳಿದಿರುವುದೇ 70,000 ಪ್ರತಿ ಎಂದು ತಿಳಿದವರು ಆಗ ಅಂದಾಜಿಸಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಸಿಕ್ಕವು. ಲ್ಯಾನ್ಸ್ಕಿ ಕಟ್ಟಿದ ಆಮ್‌ಹರ್ಸ್ಟ್‌ನ ಯಿಡ್ಡಿಷ್ ಪುಸ್ತಕ ಕೇಂದ್ರದ ಸಂಗ್ರಹದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಮನೆಯಲ್ಲಿ ಕೂತೇ ಪುಕ್ಕಟೆ ಓದಬಹುದು.

ಮೊದಲು ಏನನ್ನು ಓದಬೇಕು ಎಂದರೆ, ಷೋಲೆಮ್ ಅಲೈಖೆಮ್ ಅವರ ‘ದೋಸ್ ಟೆಪ್ಲ್’, ಅಂದರೆ ಪಾತ್ರೆ. ಹೆಂಗಸೊಬ್ಬಳು ಅಡುಗೆಯ ಪಾತ್ರೆಯ ಮಡಿಮೈಲಿಗೆ ಕೇಳಲು ರಬ್ಬಿಯ ಬಳಿ ಬರುತ್ತಾಳೆ. ಇಡೀ ಕತೆ ಅವಳ ಮಾತು. ತೀರಿಹೋದ ಗಂಡನ ಹೆಸರು ಬಂತು, ಅವನಿಗೆ ಶಾಂತಿಯಿರಲಿ. ಮಗನ ಕಾಯಿಲೆ ಬಂತು, ನಿಮಗೆ ಬಾರದಿರಲಿ. ನೆರೆಯವಳು ಬಂದಳು, ಅವಳಿಗೆ ಶಾಪ. ವ್ಯಾಕರಣದ ಪುಸ್ತಕದಲ್ಲಿ ಬಿಡಿಬಿಡಿಯಾಗಿ ಕಲಿತದ್ದೆಲ್ಲ ಒಂದೇ ಉಸಿರಿನಲ್ಲಿ ಬರುತ್ತದೆ, ಅದಕ್ಕೇ ಗಟ್ಟಿಯಾಗಿ ಓದಿಕೊಳ್ಳಬೇಕು. ಒಂದರಿಂದ ಇನ್ನೊಂದಕ್ಕೆ ಹೊರಳುತ್ತ ತಾನು ಏನು ಹೇಳುತ್ತಿದ್ದೆ ಎಂದು ಅವಳೇ ಮತ್ತೆ ಮತ್ತೆ ಕೇಳಿಕೊಳ್ಳುತ್ತಾಳೆ. ರಬ್ಬಿ ಬಾಯಿ ತೆರೆಯಲು ಎಡೆಯೇ ಇಲ್ಲ. ಕೊನೆಗೆ ಉತ್ತರ ಕೊಡಬೇಕಾದ ಹೊತ್ತಿಗೆ ಅವರಿಗೆ ಮೂರ್ಛೆ ಬರುತ್ತದೆ.